ಬೇಡವೆಂದವನ ಬುದ್ಧಿ

1977ರ ಫೆಬ್ರವರಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ‘ರೂಮರ್ಸ್’ ಆಲ್ಬಂ ಹೊರಬಂತು. 4 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳ ಸಾಲಿನಲ್ಲಿ ಅದು ಇಂದಿಗೂ ಇದೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಗ್ರೀನ್ ಎಂಬ 30 ವರ್ಷದವನು ತನ್ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವನಿಗೆ ಬಂದೂಕಿನ ಬೆದರಿಕೆ ಹಾಕಿದ ಆರೋಪದ ಮೇಲೆ ಬಂಧನಕ್ಕೊಳಗಾದ. ಬಂದೂಕಿನ ಮಾತೆತ್ತುವವರು ಸಾಮಾನ್ಯವಾಗಿ ಹಣ ಕೇಳುತ್ತಾರೆ. ಗ್ರೀನ್ ಕೇಳಿದ್ದು, ಇನ್ನು ಮೇಲೆ ರಾಯಲ್ಟಿ ಹಣ ಕಳಿಸಬೇಡ ಎಂದು. ಘಟನೆಯ ವಿವರಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಹಣ ಬೇಡವೆಂಬ ಹಟ ಮಾತ್ರ ಎಲ್ಲರ ಹೇಳಿಕೆಯಲ್ಲೂ ಇದೆ. ಅವನನ್ನು ಸೆರೆಮನೆಯಲ್ಲಿ ಉಳಿಸಿಕೊಳ್ಳದೆ ಮಾನಸಿಕ ಆಸ್ಪತ್ರೆಗೆ ಕಳಿಸಲಾಯಿತು.

ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡನ್ನು ಹತ್ತು ವರ್ಷ ಮೊದಲು ಕಟ್ಟಿದವನು, ಅದಕ್ಕೆ ಹೆಸರಿಟ್ಟವನು ಇದೇ ಗ್ರೀನ್.

ಅವನಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ವೈದ್ಯರು ತೀರ್ಮಾನಿಸಿದ್ದರು. ವಿದ್ಯುತ್ ಆಘಾತದ ಚಿಕಿತ್ಸೆಯೂ ನಡೆಯಿತು. ಅಲ್ಲಿಗೆ ಲೋಕದ ಪಾಲಿಗೆ ಎಲ್ಲಕ್ಕೂ ಉತ್ತರ ಸಿಕ್ಕಂತಾಯಿತು: ಹಣವನ್ನು ಹಂಚಿದ್ದು, ಬ್ಯಾಂಡ್ ಬಿಟ್ಟದ್ದು, ಶಿಲುಬೆ ತೊಟ್ಟು ವೇದಿಕೆ ಹತ್ತಿದ್ದು, ಎಲ್ಲವೂ ಬರಲಿದ್ದ ಕಾಯಿಲೆಯ ಮುನ್ಸೂಚನೆಗಳು. ಆದರೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಒಬ್ಬನ ಹೆಸರಿನ ಮುಂದೆ ಕಾಯಿಲೆಯ ಹೆಸರು ಬಿದ್ದ ಕೂಡಲೇ ಅವನು ಅಲ್ಲಿಯವರೆಗೆ ಮಾಡಿದ ತ್ಯಾಗವೆಲ್ಲ ಹಿಂದಿನ ದಿನಾಂಕದಿಂದ ರದ್ದಾಗುತ್ತದೆಯೇ? ಚಿತ್ತ ಸ್ಥಿಮಿತದಲ್ಲಿಲ್ಲದವನು ಬಿಟ್ಟುಕೊಟ್ಟದ್ದನ್ನು ತ್ಯಾಗ ಎನ್ನಬಹುದೇ? ಧರ್ಮಗಳೆಲ್ಲ ಬಿಡುವುದನ್ನು ಹೊಗಳುತ್ತವೆ, ಆದರೆ ಬಿಡುವವನ ಬುದ್ಧಿ ಎಷ್ಟು ನೆಟ್ಟಗಿರಬೇಕು ಎಂದು ಅವು ಸ್ಪಷ್ಟವಾಗಿ ಹೇಳುವುದು ಕಡಿಮೆ.

ಗ್ರೀನ್ ಹುಟ್ಟಿದ್ದು 1946ರ ಅಕ್ಟೋಬರ್ 29ರಂದು, ಲಂಡನ್ನಿನ ಪೂರ್ವಭಾಗದ ಬೆತ್ನಲ್ ಗ್ರೀನ್ ಎಂಬ ದುಡಿಯುವ ವರ್ಗದ ಬಡಾವಣೆಯಲ್ಲಿ. ಯಹೂದಿ ಮನೆತನ. ಮೂಲ ಹೆಸರು ಪೀಟರ್ ಆಲನ್ ಗ್ರೀನ್‌ಬಾಮ್. ಅಪ್ಪ ದರ್ಜಿಯಾಗಿದ್ದವನು, ಆಮೇಲೆ ಅಂಚೆ ಹಂಚುವ ಕೆಲಸ ಹಿಡಿದ. ಗಿಟಾರಿನ ಮೊದಲ ಪಾಠ ಅಣ್ಣನಿಂದ. ಹುಡುಗ ಬೇಗನೆ ಶಾಲೆ ಬಿಟ್ಟು ಮಾಂಸದಂಗಡಿಯಲ್ಲಿ ಕೆಲಸಕ್ಕೆ ನಿಂತ, ರಾತ್ರಿ ಹೊತ್ತು ಸಣ್ಣಪುಟ್ಟ ಬ್ಯಾಂಡುಗಳಲ್ಲಿ ನುಡಿಸಿದ.

1966ರಲ್ಲಿ ಜಾನ್ ಮೇಯಲ್‌ನ ‘ಬ್ಲೂಸ್‌ಬ್ರೇಕರ್ಸ್’ ತಂಡದಿಂದ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೊರನಡೆದ. ಲಂಡನ್ನಿನ ಗೋಡೆಗಳ ಮೇಲೆ ‘ಕ್ಲಾಪ್ಟನ್ ದೇವರು’ ಎಂದು ಅಭಿಮಾನಿಗಳು ಗೀಚುತ್ತಿದ್ದ ಕಾಲವದು. ಆ ದೇವರು ತೆರವು ಮಾಡಿದ ಜಾಗಕ್ಕೆ 19 ವರ್ಷದ ಗ್ರೀನ್ ಬಂದ. ನಿರ್ಮಾಪಕ ಮೈಕ್ ವರ್ನನ್ ಗಾಬರಿಯಾದಾಗ, ಇನ್ನೆರಡು ವರ್ಷದಲ್ಲಿ ಇವನು ಅವನನ್ನೂ ಮೀರಿಸುತ್ತಾನೆ ಎಂದು ಮೇಯಲ್ ಸಮಾಧಾನ ಹೇಳಿದನಂತೆ. 1967ರ ‘ಎ ಹಾರ್ಡ್ ರೋಡ್’ ಆಲ್ಬಮ್ಮಿನಲ್ಲಿ ‘ದ ಸೂಪರ್‌ನ್ಯಾಚುರಲ್’ ಎಂಬ ಮಾತಿಲ್ಲದ ತುಣುಕೊಂದಿದೆ. ಒಂದೇ ಸ್ವರ ಎಷ್ಟೋ ಹೊತ್ತು ತೂಗುತ್ತ ನಿಲ್ಲುತ್ತದೆ, ಮುಂದಿನ ಸ್ವರ ಬರುವ ಆತುರವೇ ಕಾಣುವುದಿಲ್ಲ. ಉಳಿದವರು ಸ್ವರದ ಮೇಲೆ ಸ್ವರ ಸುರಿದು ಮೆರೆಯುತ್ತಿದ್ದ ದಿನಗಳಲ್ಲಿ ಗ್ರೀನ್ ಬೇಡದ್ದನ್ನು ನುಡಿಸುವುದನ್ನೇ ಬಿಟ್ಟಿದ್ದ. ತನಗೆ ಮೈ ಬೆವರುವಂತೆ ಮಾಡಿದವನು ಇವನೊಬ್ಬನೇ ಎಂದು ಬ್ಲೂಸ್ ಗಿಟಾರ್ ವಾದಕ ಬಿ. ಬಿ. ಕಿಂಗ್ ಮೆಚ್ಚಿಕೊಂಡದ್ದುಂಟು.

ಅವನ ಕೈಯಲ್ಲಿದ್ದದ್ದು 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್. ತಂತಿಯ ಕಂಪನ ಹಿಡಿಯುವ ಅದರ ಎರಡು ಪಿಕಪ್‌ಗಳಲ್ಲಿ ಒಂದರ ಅಯಸ್ಕಾಂತ ತಿರುವುಮುರುವಾಗಿತ್ತು. ಎರಡೂ ಪಿಕಪ್‌ಗಳನ್ನು ಒಟ್ಟಿಗೆ ಹಾಕಿದರೆ ಒಂದರ ಕಂಪನ ಇನ್ನೊಂದರದ್ದನ್ನು ಅಷ್ಟಿಷ್ಟು ಅಳಿಸಿ, ದನಿ ತೆಳ್ಳಗಾಗಿ, ಟೊಳ್ಳುಮರದೊಳಗಿಂದ ಬಂದಂತೆ ಕೇಳುತ್ತಿತ್ತು. ಆ ಲೋಪವೇ ಅವನ ಗುರುತಾಯಿತು. ಹಾಡುವಾಗಲೂ ಹಾಗೆಯೇ. ಕಿರುಚಾಟವಿಲ್ಲ, ಅಮೆರಿಕದ ಕಪ್ಪು ಗಾಯಕರ ಗಂಟಲನ್ನು ಅನುಕರಿಸುವ ಹುಮ್ಮಸ್ಸಿಲ್ಲ. ಪಕ್ಕದಲ್ಲಿ ಕೂತವನಿಗೆ ಹೇಳಿಕೊಂಡಂಥ ದನಿ.

1967ರ ಬೇಸಿಗೆಯಲ್ಲಿ ಸ್ವಂತ ಬ್ಯಾಂಡ್ ಕಟ್ಟಿದಾಗ ಜನ ಬರುತ್ತಿದ್ದದ್ದು ಗ್ರೀನ್‌ನನ್ನು ನೋಡಲು. ಆದರೆ ಹೆಸರು ಇಟ್ಟದ್ದು ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ನುಡಿಸುವ ಜಾನ್ ಮೆಕ್‌ವಿ ಇಬ್ಬರದ್ದು. ಆಗ ಮೆಕ್‌ವಿ ಇನ್ನೂ ಬ್ಯಾಂಡಿಗೆ ಸೇರಿರಲೂ ಇಲ್ಲ. ನಾಯಕನೊಬ್ಬ ತನ್ನ ಹೆಸರನ್ನು ಹಿಂದಕ್ಕಿಟ್ಟು ಜತೆಗಾರರ ಹೆಸರನ್ನು ಫಲಕಕ್ಕೇರಿಸಿದ ಈ ಸಂಗತಿ ಮುಖ್ಯ. ಯಾಕೆಂದರೆ 1967ರಲ್ಲಿ ಯಾವ ವೈದ್ಯನೂ ಅವನಲ್ಲಿ ಯಾವ ಕಾಯಿಲೆಯನ್ನೂ ಕಂಡಿರಲಿಲ್ಲ. ಬಿಟ್ಟುಕೊಡುವ ಗುಣ ಕಾಯಿಲೆಗಿಂತ ಹಿರಿದು, ಅದಕ್ಕಿಂತ ಹಳೆಯದು.

ಮುಂದಿನ ಎರಡು ವರ್ಷ ಬಂಗಾರದ ಬೆಳೆ. 1968ರಲ್ಲಿ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’. 1969ರ ಆರಂಭದಲ್ಲಿ ‘ಆಲ್ಬಟ್ರಾಸ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ‘ಮ್ಯಾನ್ ಆಫ್ ದ ವರ್ಲ್ಡ್’, ‘ಓ ವೆಲ್’ ಎರಡೂ ಎರಡನೆಯ ಸ್ಥಾನ ತಲುಪಿದವು. ಮೊದಲನೆಯದರಲ್ಲಿ ಬಯಸಿದ್ದೆಲ್ಲ ಸಿಕ್ಕವನೊಬ್ಬ ಹುಟ್ಟಿದ್ದೇ ಬೇಡವಾಗಿತ್ತೇನೋ ಎಂಬಷ್ಟು ಬಳಲಿದ್ದಾನೆ. ಕೇಳುಗರು ಅದನ್ನು ಚೆಂದದ ವಿರಹಗೀತೆ ಎಂದುಕೊಂಡರು. ಎರಡನೆಯದರಲ್ಲಿ ದೇವರೊಡನೆ ಮಾತಾಡಿದ ಪ್ರಸಂಗ ಲಘುವಾಗಿ ಬರುತ್ತದೆ. ಹಿಂದೆಯೇ ಹಾಡು ತಿರುಗಿ, ಚರ್ಚಿನ ಗಾಂಭೀರ್ಯವುಳ್ಳ ಮಾತಿಲ್ಲದ ಎರಡನೆಯ ಭಾಗವಾಗುತ್ತದೆ.

ಇಲ್ಲಿ ಗ್ರೀನ್ ನುಡಿಸುತ್ತಿದ್ದ ಬ್ಲೂಸ್ ಸಂಗೀತಕ್ಕೂ ದೇವರಿಗೂ ಇದ್ದ ಹಳೆಯ ಜಗಳವನ್ನು ನೆನೆಯಬೇಕು. ಅಮೆರಿಕದ ದಕ್ಷಿಣದ ಕಪ್ಪು ಸಮುದಾಯದಲ್ಲಿ ಶನಿವಾರ ರಾತ್ರಿಯ ಬ್ಲೂಸ್ ಸೈತಾನನ ಸಂಗೀತ, ಭಾನುವಾರ ಬೆಳಗಿನ ಗಾಸ್ಪೆಲ್ ದೇವರ ಸಂಗೀತ. ಎರಡಕ್ಕೂ ರಾಗ ಒಂದೇ, ಹಾಡುವ ಗಂಟಲೂ ಎಷ್ಟೋ ಸಲ ಒಂದೇ. ಸನ್ ಹೌಸ್ ಬ್ಯಾಪ್ಟಿಸ್ಟ್ ಬೋಧಕನಾಗಿದ್ದು ಬ್ಲೂಸ್‌ಗೆ ಬಂದವನು, ಬದುಕಿನುದ್ದಕ್ಕೂ ಎರಡು ದಡಗಳ ನಡುವೆ ಈಜಿದ. ಸ್ಕಿಪ್ ಜೇಮ್ಸ್ 1931ರಲ್ಲಿ ಧ್ವನಿಮುದ್ರಣ ಮಾಡಿ, ಆಮೇಲೆ ಬ್ಲೂಸ್ ಬಿಟ್ಟು ಚರ್ಚಿನ ಸೇವೆಗೆ ನಿಂತ. 1957ರಲ್ಲಿ ಲಿಟಲ್ ರಿಚರ್ಡ್ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ರಾಕ್ ಸಂಗೀತಕ್ಕೆ ವಿದಾಯ ಹೇಳಿ, ಅಲಬಾಮಾದ ಓಕ್‌ವುಡ್ ಕಾಲೇಜಿಗೆ ಧರ್ಮಶಾಸ್ತ್ರ ಓದಲು ಹೋದ. ಕೊನೆಯ ಇಬ್ಬರು ದೇವರಿಗಾಗಿ ಆ ಸಂಗೀತವನ್ನು ಬಿಟ್ಟವರು. ಅವರನ್ನು ಯಾರೂ ಹುಚ್ಚರೆನ್ನಲಿಲ್ಲ, ಏಕೆಂದರೆ ಅವರು ನಡೆದದ್ದು ಊರಿಗೆಲ್ಲ ಪರಿಚಿತವಾದ ದಾರಿಯಲ್ಲಿ.

ಗ್ರೀನ್‌ನ ಕಣ್ಣಿಗೆ ಸೈತಾನ ಕಂಡದ್ದು ಸಂಗೀತದಲ್ಲಲ್ಲ, ಅದರಿಂದ ಬಂದ ಹಣದಲ್ಲಿ.

1967ರಿಂದ 1970ರ ಜನವರಿವರೆಗೆ ನೈಜೀರಿಯಾದ ಬಯಾಫ್ರಾದಲ್ಲಿ ಯುದ್ಧ ನಡೆಯಿತು. ಮುತ್ತಿಗೆಯಿಂದಾಗಿ ಹಸಿದು ಹೊಟ್ಟೆ ಊದಿದ ಮಕ್ಕಳ ಚಿತ್ರಗಳು ಬ್ರಿಟನ್ನಿನ ಪತ್ರಿಕೆ, ಟಿವಿಗಳಲ್ಲಿ ದಿನವೂ ಬಂದವು. ಊಟ ಮಾಡುತ್ತ ಅವನ್ನು ನೋಡಿ, ಚಾನೆಲ್ ಬದಲಿಸಿ, ಮಲಗಿದವರು ಲಕ್ಷಾಂತರ ಮಂದಿ. ಗ್ರೀನ್‌ಗೆ ಅದು ಸಾಧ್ಯವಾಗಲಿಲ್ಲ. ಉದ್ದನೆಯ ನಿಲುವಂಗಿ ತೊಟ್ಟು ಕೊರಳಲ್ಲಿ ಶಿಲುಬೆ ಹಾಕಿ ವೇದಿಕೆ ಹತ್ತತೊಡಗಿದ. ದತ್ತಿ ಸಂಸ್ಥೆಗಳಿಗೆ ಹಣ ಕೊಟ್ಟ. ಬದುಕಲು ಬೇಕಾದಷ್ಟನ್ನು ಇಟ್ಟುಕೊಂಡು ಬ್ಯಾಂಡಿನ ಉಳಿದ ಗಳಿಕೆಯನ್ನೆಲ್ಲ ಕೊಟ್ಟುಬಿಡೋಣ ಎಂದು ಜತೆಗಾರರಿಗೆ ಹೇಳಿದ. ಅವರು ಒಪ್ಪಲಿಲ್ಲ.

ಆ ದಿನಗಳಲ್ಲೇ ಅವನಿಗೊಂದು ಕನಸು ಬಿತ್ತು. ಹಸಿರು ನಾಯಿಯೊಂದು ಬೊಗಳುತ್ತಿತ್ತು, ತಾನು ಸತ್ತಂತಿತ್ತು, ಮತ್ತೆ ಮೈಯೊಳಗೆ ಬರಲು ಹೆಣಗಬೇಕಾಯಿತು, ಆ ನಾಯಿ ಹಣವೆಂದು ತನಗೆ ತಿಳಿದಿತ್ತು ಎಂದು ಮುಂದೆ ಸಂದರ್ಶನಗಳಲ್ಲಿ ವಿವರಿಸಿದ. 1970ರ ‘ದ ಗ್ರೀನ್ ಮನಾಲಿಷಿ’ ಹಾಡು ಹುಟ್ಟಿದ್ದು ಅಲ್ಲಿಂದ. ಬ್ರಿಟನ್ನಿನಲ್ಲಿ ಹತ್ತನೆಯ ಸ್ಥಾನಕ್ಕೇರಿ ಅದೂ ಹಣ ತಂದಿತು. ಹಣದ ವಿರುದ್ಧ ಬರೆದ ಹಾಡಿನ ಗಳಿಕೆ ಅದನ್ನು ಬರೆದವನ ಖಾತೆಗೇ ಜಮೆಯಾಯಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಮ್ಯೂನಿಕ್ ಬಳಿಯ ಒಂದು ಕಮ್ಯೂನಿನಲ್ಲಿ ಅವನು ತಂಗಿದ್ದ. ಎಲ್‌ಎಸ್‌ಡಿ ಸೇವಿಸಿದ, ರಾತ್ರಿಯೆಲ್ಲ ನುಡಿಸಿದ. ಅವನ ಬುದ್ಧಿ ಕೆಟ್ಟದ್ದು ಅಲ್ಲೇ ಎಂದು ಬ್ಯಾಂಡಿನವರು ದಶಕಗಳ ಕಾಲ ಹೇಳಿದರು. ತಾನು ಅತ್ಯುತ್ತಮವಾಗಿ ನುಡಿಸಿದ್ದು ಅಲ್ಲಿ, ಬಿಡುವ ಯೋಚನೆ ಅದಕ್ಕೂ ಮೊದಲೇ ಇತ್ತು ಎಂಬುದು ಗ್ರೀನ್‌ನ ಮಾತು. ಈ ಎರಡು ಸಾಕ್ಷ್ಯಗಳಲ್ಲಿ ನಾವು ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ? ಆಮೇಲೆ ಕಾಯಿಲೆ ಬಿದ್ದವನು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಂಬುವವರು ಕಡಿಮೆ. ಮೇ ತಿಂಗಳಲ್ಲಿ ಅವನು ಬ್ಯಾಂಡ್ ಬಿಟ್ಟ.

ಅಮೆರಿಕದ ತತ್ವಜ್ಞಾನಿ, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901-02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳು ‘ದ ವೆರೈಟೀಸ್ ಆಫ್ ರಿಲಿಜಿಯಸ್ ಎಕ್ಸ್‌ಪೀರಿಯನ್ಸ್’ ಎಂಬ ಗ್ರಂಥವಾದವು. ಮೊದಲ ಉಪನ್ಯಾಸದ ವಿಷಯವೇ ಧರ್ಮ ಮತ್ತು ನರಶಾಸ್ತ್ರ. ಡಮಾಸ್ಕಸ್ ದಾರಿಯಲ್ಲಿ ಸಂತ ಪೌಲ ಕಂಡ ದರ್ಶನವನ್ನು ಮಿದುಳಿನ ಗಾಯವೆಂದೂ ಸಂತ ತೆರೇಸಾಳನ್ನು ಹಿಸ್ಟೀರಿಯಾ ರೋಗಿಯೆಂದೂ ಅಸ್ಸೀಸಿಯ ಫ್ರಾನ್ಸಿಸ್‌ನನ್ನು ವಂಶದೋಷವುಳ್ಳವನೆಂದೂ ತಳ್ಳಿಹಾಕುವ ಪ್ರವೃತ್ತಿಗೆ ಜೇಮ್ಸ್ ‘ವೈದ್ಯಕೀಯ ಭೌತವಾದ’ ಎಂದು ಹೆಸರಿಟ್ಟ. ಅವನ ಆಕ್ಷೇಪ ಸರಳವಾದದ್ದು. ವಿಜ್ಞಾನಿಯೊಬ್ಬನ ಸಿದ್ಧಾಂತವನ್ನು ಅವನ ನರದೌರ್ಬಲ್ಯ ತೋರಿಸಿ ಯಾರೂ ಅಲ್ಲಗಳೆಯುವುದಿಲ್ಲ, ಪ್ರಯೋಗದಿಂದ ಪರೀಕ್ಷಿಸುತ್ತಾರೆ. ಹಾಗಿರುವಾಗ ಧಾರ್ಮಿಕ ಅನುಭವಕ್ಕೆ ಮಾತ್ರ ಬೇರೆ ತಕ್ಕಡಿ ಏಕೆ? ಬೇರನ್ನು ಅಗೆದು ನೋಡುವುದಕ್ಕಿಂತ ಫಲವನ್ನು ನೋಡಿ ಬೆಲೆ ಕಟ್ಟಬೇಕು ಎಂದ.

ಈ ಅಳತೆಯನ್ನು ಗ್ರೀನ್‌ಗೆ ಹಚ್ಚಿದರೆ ಅದು ಎರಡೂ ಕಡೆ ಕೊಯ್ಯುತ್ತದೆ. ಕಾಯಿಲೆಯ ಹೆಸರು ಹೇಳಿ ಅವನ ಮಾತನ್ನು ಮುಚ್ಚಿಹಾಕುವಂತಿಲ್ಲ, ಸರಿ. ಆದರೆ ಫಲವೇನು? ಅವನು ಸರಾಗವಾಗಿ ಸಂತನಾಗಲಿಲ್ಲ. ಗೋರಿ ತೋಡುವ ಕೆಲಸ ಮಾಡಿದ, ಆಸ್ಪತ್ರೆಯಲ್ಲಿ ಆಳಾಗಿ ದುಡಿದ, ಇಸ್ರೇಲಿನ ಸಾಮೂಹಿಕ ಬೇಸಾಯದ ನೆಲೆಯಾದ ಕಿಬುಟ್ಜ್‌ನಲ್ಲಿ ಸ್ವಲ್ಪ ಕಾಲ ಇದ್ದ. ಇವನ್ನು ಬೇಕಾದರೆ ಕಾಯಕವೆನ್ನಬಹುದು. ಆದರೆ ಮಾತ್ರೆಗಳ ಮಂಪರಿನಲ್ಲಿ, ಜನರಿಂದ ದೂರವಾಗಿ, ಗಿಟಾರ್ ಮುಟ್ಟದೆ ಕಳೆದ ವರ್ಷಗಳನ್ನು ಫಲ ಎನ್ನಲು ಮನಸ್ಸು ಒಪ್ಪುವುದಿಲ್ಲ. ದುಡ್ಡಿನ ಲೋಕಕ್ಕೆ ಒಗ್ಗದ ಪರಿಶುದ್ಧ ಜೀವ ಎಂದು ಅವನನ್ನು ಹಾಡಿ ಹೊಗಳುವ ಅಭಿಮಾನಿಗಳೂ ಇದ್ದಾರೆ. ನರಳುವವನನ್ನು ಪೀಠಕ್ಕೇರಿಸಿ ಕೈಮುಗಿಯುವುದು ಅವನ ಆರೈಕೆಯ ಹೊಣೆಯಿಂದ ಜಾರಿಕೊಳ್ಳುವ ಸಭ್ಯ ದಾರಿಯೂ ಆಗಬಲ್ಲದು.

ಫ್ರೆಂಚ್ ಚಿಂತಕಿ ಸಿಮೋನ್ ವೇಲ್ ಪ್ರಸಂಗ ಇಲ್ಲಿ ಒದಗಿಬರುತ್ತದೆ. 1943ರಲ್ಲಿ ಕ್ಷಯದಿಂದ ಬಳಲುತ್ತ ಇಂಗ್ಲೆಂಡಿನಲ್ಲಿದ್ದ ಆಕೆ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಜನರಿಗೆ ಸಿಗುವ ಪಡಿತರಕ್ಕಿಂತ ಹೆಚ್ಚು ಉಣ್ಣಲು ನಿರಾಕರಿಸಿದಳು. ಆಗಸ್ಟ್ 24ರಂದು ಕೆಂಟ್ ಪ್ರಾಂತ್ಯದ ಆಷ್‌ಫರ್ಡ್‌ನಲ್ಲಿ ತೀರಿಕೊಂಡಾಗ ವಯಸ್ಸು 34. ಮನಸ್ಸಿನ ಸಮತೋಲ ಕೆಟ್ಟಿದ್ದಾಗ ಊಟ ಬಿಟ್ಟು ಪ್ರಾಣ ಕಳೆದುಕೊಂಡಳು ಎಂದು ಮರಣ ವಿಚಾರಣಾಧಿಕಾರಿ ಬರೆದ. ನಾಲ್ಕು ವರ್ಷದ ಬಳಿಕ ಆಕೆಯ ಟಿಪ್ಪಣಿಗಳು ಪುಸ್ತಕವಾಗಿ ಬಂದವು, ಆಲ್ಬರ್ಟ್ ಕಮೂ ಆಕೆಯ ಬರಹಗಳ ಪ್ರಕಟಣೆಗೆ ಮುಂದಾದ. ಇಂದು ಆಕೆಯನ್ನು ಓದುವ ಯಾರೂ ಆ ಅಧಿಕಾರಿಯ ತೀರ್ಪನ್ನು ಮುಂದಿಟ್ಟು ಆಕೆಯ ವಿಚಾರಗಳನ್ನು ತೂಗುವುದಿಲ್ಲ. ತೀರ್ಪು ತಪ್ಪೆಂದು ಇದರರ್ಥವಲ್ಲ. ಆಕೆ ಸಾವಿನ ಕಡೆ ಜಾರುತ್ತಿದ್ದುದೂ ನಿಜ, ಆಕೆ ಎತ್ತಿದ ಪ್ರಶ್ನೆಗಳು ನೆಟ್ಟಗಿದ್ದುದೂ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಸುಳ್ಳು ಮಾಡಬೇಕಿಲ್ಲ.

ಹಾಗೆಂದು ಗ್ರೀನ್ ಜತೆಗಾರರಿಗೆ ಇಟ್ಟ ಬೇಡಿಕೆ ಸರಿಯಿತ್ತೇ? ತನ್ನ ಪಾಲನ್ನು ಕೊಡುವುದು ಒಂದು, ಪಕ್ಕದವನ ಪಾಲನ್ನೂ ಸೇರಿಸಿ ಕೊಡೋಣ ಎನ್ನುವುದು ಇನ್ನೊಂದು. ಫ್ಲೀಟ್‌ವುಡ್, ಮೆಕ್‌ವಿ ಹಡಬೆ ಹಣದ ಮೇಲೆ ಕೂತವರಲ್ಲ, ದುಡಿದವರು.

ತ್ಯಾಗದ ಇತಿಹಾಸದಲ್ಲಿ ಈ ತೊಡಕು ಮತ್ತೆ ಮತ್ತೆ ಬಂದಿದೆ. ಅಸ್ಸೀಸಿಯ ಫ್ರಾನ್ಸಿಸ್ ಬಟ್ಟೆ ವ್ಯಾಪಾರಿಯ ಮಗ. ಪಾಳುಬಿದ್ದ ಸಾನ್ ದಾಮಿಯಾನೋ ಚರ್ಚನ್ನು ದುರಸ್ತಿ ಮಾಡಿಸಲು ಅಪ್ಪನ ಅಂಗಡಿಯ ಬಟ್ಟೆ ಒಯ್ದು ಫೊಲಿಞೋ ಪೇಟೆಯಲ್ಲಿ ಮಾರಿದ, ಕುದುರೆಯನ್ನೂ ಮಾರಿದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಪ್ಪ ಅವನನ್ನು ಮನೆಯಲ್ಲಿ ಕೂಡಿಹಾಕಿದ, ಬೀದಿಯ ಜನ ಹುಚ್ಚನೆಂದು ಕಲ್ಲೆಸೆದರು. 1206ರ ಸುಮಾರಿಗೆ ದೂರು ಬಿಷಪ್ಪನ ಮುಂದೆ ಹೋಯಿತು. ಫ್ರಾನ್ಸಿಸ್ ಮೈಮೇಲಿನ ಬಟ್ಟೆಯನ್ನೂ ಕಳಚಿ ಅಪ್ಪನಿಗೊಪ್ಪಿಸಿ ಬೆತ್ತಲೆ ನಿಂತ ಚಿತ್ರ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ಬಿಷಪ್ ಹೇಳಿದ್ದನ್ನು ಹೆಚ್ಚಿನವರು ಮರೆಯುತ್ತಾರೆ: ಅಪ್ಪನ ಹಣವನ್ನು ಮೊದಲು ಅಪ್ಪನಿಗೆ ಹಿಂತಿರುಗಿಸು. ಫ್ರಾನ್ಸಿಸ್ ಸಂತನಾಗುವ ಮುನ್ನ ಸಾಲಗಾರನಾಗಿ ಲೆಕ್ಕ ಚುಕ್ತಾ ಮಾಡಬೇಕಾಯಿತು.

ಟಾಲ್‌ಸ್ಟಾಯ್‌ಗೆ ಅಂಥ ಬಿಷಪ್ ಸಿಗಲಿಲ್ಲ. 1881ರ ನಂತರದ ಕೃತಿಗಳ ಹಕ್ಕನ್ನು ಬಿಟ್ಟುಕೊಡುವುದಾಗಿ 1891ರಲ್ಲಿ ಅವನು ಬಹಿರಂಗವಾಗಿ ಸಾರಿದ. 13 ಮಕ್ಕಳನ್ನು ಹೆತ್ತು, ಅವನ ಹಸ್ತಪ್ರತಿಗಳನ್ನು ಮತ್ತೆ ಮತ್ತೆ ನಕಲು ಮಾಡಿಕೊಟ್ಟ ಹೆಂಡತಿ ಸೋಫಿಯಾ ಇದನ್ನು ಮನೆಮಂದಿಯ ಅನ್ನಕ್ಕೆ ಕಲ್ಲು ಹಾಕುವ ಕೆಲಸವೆಂದಳು. ಜಗಳ ಮುಗಿಯಲೇ ಇಲ್ಲ. 1910ರಲ್ಲಿ 82ರ ಮುದುಕ ರಾತ್ರೋರಾತ್ರಿ ಮನೆಬಿಟ್ಟು ಅಸ್ತಾಪೊವೋ ರೈಲು ನಿಲ್ದಾಣದಲ್ಲಿ ಸತ್ತ. ತ್ಯಾಗಿಯ ಹೆಸರು ಉಳಿಯಿತು, ತ್ಯಾಗದ ಖರ್ಚು ಭರಿಸಿದವಳಿಗೆ ಗಯ್ಯಾಳಿ ಎಂಬ ಬಿರುದು ಬಂತು.

ಗ್ರೀನ್ ಈ ವಿಷಯದಲ್ಲಿ ಅವರಿಬ್ಬರಿಗಿಂತ ಹದವರಿತು ನಡೆದ. ಜತೆಗಾರರು ಒಲ್ಲೆ ಎಂದಾಗ ಬ್ಯಾಂಡನ್ನು ಮುರಿಯಲಿಲ್ಲ, ತಾನು ಕಟ್ಟಿದ್ದೆಂದು ಹೆಸರನ್ನು ಕಿತ್ತುಕೊಳ್ಳಲಿಲ್ಲ, ಸುಮ್ಮನೆ ಹೊರಬಂದ. ಮರುವರ್ಷ ಇನ್ನೊಂದು ಪರೀಕ್ಷೆ ಎದುರಾಯಿತು. 1971ರ ಫೆಬ್ರವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಬ್ಯಾಂಡಿನ ಮತ್ತೊಬ್ಬ ಗಿಟಾರ್ ವಾದಕ ಜೆರೆಮಿ ಸ್ಪೆನ್ಸರ್ ಪುಸ್ತಕದಂಗಡಿಗೆ ಹೋಗಿಬರುತ್ತೇನೆಂದು ಹೋಟೆಲಿನಿಂದ ಹೊರಟವನು ಹಿಂತಿರುಗಲಿಲ್ಲ. ಕೆಲವು ದಿನಗಳ ಬಳಿಕ ‘ಚಿಲ್ಡ್ರನ್ ಆಫ್ ಗಾಡ್’ ಎಂಬ ಪಂಥದವರ ನಡುವೆ ಸಿಕ್ಕ. ತಲೆಗೂದಲು ಕತ್ತರಿಸಲಾಗಿತ್ತು, ಹೆಸರು ಬದಲಾಗಿತ್ತು. ಪ್ರವಾಸ ಅರ್ಧಕ್ಕೆ ನಿಂತರೆ ಬ್ಯಾಂಡ್ ಮುಳುಗುವ ಸ್ಥಿತಿ. ಲಂಡನ್ನಿಗೆ ಫೋನ್ ಹೋಯಿತು. ಹಣದ ಆಟವನ್ನು ಬಿಟ್ಟಿದ್ದ ಗ್ರೀನ್ ವಿಮಾನ ಹತ್ತಿ ಬಂದು, ಹಳೆಯ ಜನಪ್ರಿಯ ಹಾಡುಗಳ ಬದಲು ಬಹುಪಾಲು ಮನಸ್ಸಿಗೆ ಬಂದದ್ದನ್ನೇ ನುಡಿಸುತ್ತ ಗೆಳೆಯರ ಪ್ರವಾಸವನ್ನು ಮುಗಿಸಿಕೊಟ್ಟ. ತತ್ವಕ್ಕಾಗಿ ಬಿಟ್ಟವನು ಗೆಳೆಯರ ಹೊಟ್ಟೆಪಾಡಿಗಾಗಿ ಬಂದ. ಬುದ್ಧಿ ಕೆಟ್ಟವನೆನ್ನುವವರು ಈ ಕೆಲವು ವಾರಗಳನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಸ್ಪೆನ್ಸರ್‌ನ ಹೋಲಿಕೆ ಇನ್ನೊಂದು ಕಾರಣಕ್ಕೂ ಬೇಕು. ಅವನೂ ಒಂದೇ ಏಟಿಗೆ ಬ್ಯಾಂಡ್, ಗಳಿಕೆ, ಹೆಸರು ಎಲ್ಲವನ್ನೂ ಬಿಟ್ಟ. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಬರ್ಗ್ ಕಟ್ಟಿದ ಆ ಪಂಥದ ಮೇಲೆ ಮುಂದೆ ಮಕ್ಕಳ ಲೈಂಗಿಕ ಶೋಷಣೆಯ ಘೋರ ಆರೋಪಗಳು ಬಂದವು. ಆದರೂ ಸ್ಪೆನ್ಸರ್ ಮಾಡಿದ್ದನ್ನು ಲೋಕ ಮತಾಂತರ ಎಂದಿತು, ಗ್ರೀನ್ ಮಾಡಿದ್ದನ್ನು ರೋಗ ಎಂದಿತು. ಒಬ್ಬನಿಗೆ ಗುರು, ಗುಂಪು, ನಿಯಮ ಇದ್ದವು. ಇನ್ನೊಬ್ಬನು ಯಾವ ಮಠಕ್ಕೂ ಸೇರದ ಬಿಡಿಸನ್ಯಾಸಿ. ಮೂರನೆಯ ಗಿಟಾರ್ ವಾದಕ ಡ್ಯಾನಿ ಕರ್ವನ್‌ನಂತೂ ಯಾವ ತತ್ವವನ್ನೂ ಹೇಳದೆ ಕುಸಿದ. 1972ರಲ್ಲಿ ಅವನನ್ನು ಬ್ಯಾಂಡಿನಿಂದ ತೆಗೆದರು. ಮುಂದೆ ಲಂಡನ್ನಿನಲ್ಲಿ ನಿರ್ಗತಿಕರ ವಸತಿಗಳಲ್ಲಿ ವರ್ಷಗಟ್ಟಲೆ ಕಳೆದು 2018ರಲ್ಲಿ ತೀರಿಕೊಂಡ. ಒಂದೇ ಬ್ಯಾಂಡಿನ ಮೂವರಲ್ಲಿ ಯಾರದು ನಂಬಿಕೆ, ಯಾರದು ಕಾಯಿಲೆ, ಯಾರದು ಬರಿಯ ಬಳಲಿಕೆ ಎಂದು ವಿಂಗಡಿಸುವಾಗ ಅವರ ಮನಸ್ಸಿನಷ್ಟೇ ಅವರ ಸುತ್ತಲಿದ್ದ ಗುಂಪೂ ಲೆಕ್ಕಕ್ಕೆ ಬಂದಿದೆ.

ಫಲತ್ಯಾಗದ ಮಾತು ಭಾರತೀಯ ಓದುಗರಿಗೆ ಹೊಸದಲ್ಲ. ಕೆಲಸ ಮಾಡು, ಫಲದ ಆಸೆ ಬಿಡು ಎಂದು ಗೀತೆ ಹೇಳುತ್ತದೆ. ಆದರೆ ಬಿಟ್ಟರೂ ಬೆನ್ನಟ್ಟಿ ಬರುವ ಫಲವೊಂದು ಹಾಡಿನ ವ್ಯಾಪಾರದಲ್ಲಿದೆ, ಅದು ರಾಯಲ್ಟಿ. ಸಂಬಳದ ಕೆಲಸ ಬಿಟ್ಟರೆ ಸಂಬಳ ನಿಲ್ಲುತ್ತದೆ. ಹಾಡು ಬರೆದವನು ಹಾಡುವುದನ್ನೇ ಬಿಟ್ಟರೂ ಬೇರೆಯವರು ಅದನ್ನು ಹಾಡಿದಾಗ, ರೇಡಿಯೋ ಅದನ್ನು ಬಿತ್ತರಿಸಿದಾಗ ಪಾಲು ಬರುತ್ತಲೇ ಇರುತ್ತದೆ. ಗ್ರೀನ್ ಬ್ಯಾಂಡ್ ಬಿಟ್ಟ ವರ್ಷವೇ ಗಿಟಾರ್ ವಾದಕ ಸಂತಾನಾ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡನ್ನು ಎತ್ತಿಕೊಂಡ. ಅಮೆರಿಕದಲ್ಲಿ ಅದು ನಾಲ್ಕನೆಯ ಸ್ಥಾನಕ್ಕೇರಿತು, ಅದು ಇದ್ದ ‘ಅಬ್ರಾಕ್ಸಸ್’ ಆಲ್ಬಂ ಮೊದಲನೆಯದಕ್ಕೆ. ಬಹಳ ಮಂದಿ ಅದನ್ನು ಸಂತಾನಾನದೇ ಹಾಡೆಂದು ತಿಳಿದಿದ್ದಾರೆ, ಚೆಕ್ಕು ಬರೆಯುವವರು ಮಾತ್ರ ಹಾಗೆ ತಿಳಿದಿಲ್ಲ. ಬ್ರಿಟನ್ನಿನ ಕಾನೂನಿನಂತೆ ಕೃತಿಕಾರ ಸತ್ತು 70 ವರ್ಷದವರೆಗೂ ಈ ಹಕ್ಕು ಬದುಕಿರುತ್ತದೆ. ಅಂದರೆ 2020ರಲ್ಲಿ ತೀರಿಕೊಂಡ ಗ್ರೀನ್‌ನ ಹಾಡುಗಳು 2090ರ ಕೊನೆಯವರೆಗೂ ದುಡಿಯುತ್ತವೆ.

ಗಿಟಾರನ್ನು ಬಿಡುವುದು ಸುಲಭವಾಗಿತ್ತು. ಅದನ್ನು ಐರ್ಲೆಂಡಿನ ತರುಣ ಗ್ಯಾರಿ ಮೂರ್‌ಗೆ ಕೊಟ್ಟ. ಬೆಲೆ ಎಷ್ಟೆಂದರೆ, ನಿನ್ನ ಗಿಟಾರ್ ಮಾರಿ ಬಂದಷ್ಟನ್ನು ಕೊಡು ಎಂದ. ಮೂರ್ ಬಹುಕಾಲ ಅದನ್ನು ನುಡಿಸಿ, 1995ರಲ್ಲಿ ‘ಬ್ಲೂಸ್ ಫಾರ್ ಗ್ರೀನಿ’ ಆಲ್ಬಂ ಮಾಡಿ ಋಣ ಸಲ್ಲಿಸಿದ. ಆಮೇಲೆ ಅದು ಸಂಗ್ರಾಹಕರ ಕೈಗೆ ಬಿತ್ತು. ಈಗ ಮೆಟಾಲಿಕಾ ಬ್ಯಾಂಡಿನ ಕರ್ಕ್ ಹ್ಯಾಮೆಟ್ ಬಳಿ ಇದೆ.

ಹಾಗಾದರೆ ಗ್ರೀನ್‌ನ ಪ್ರಶ್ನೆಯ ತಿರುಳೇನು? ಈ ಹಣ ನನ್ನದೇ? ನನಗೆ ಬರಬೇಕಾದದ್ದೇ? ಎಂಬುದು. ಬ್ಲೂಸ್‌ನ ಸಂದರ್ಭದಲ್ಲಿ ಇದು ಭ್ರಮೆಯ ಮಾತಲ್ಲ, ಶುದ್ಧ ಲೆಕ್ಕದ ಮಾತು. 1969ರ ಜನವರಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ಶಿಕಾಗೋದಲ್ಲಿ ಚೆಸ್ ರೆಕಾರ್ಡ್ಸ್ ಸಂಸ್ಥೆಯ ಸ್ಟುಡಿಯೋಗೆ ಹೋಗಿ ಬ್ಲೂಸ್ ಕಲಾವಿದರಾದ ವಿಲಿ ಡಿಕ್ಸನ್, ಓಟಿಸ್ ಸ್ಪ್ಯಾನ್, ಬಡಿ ಗೈ ಮೊದಲಾದವರೊಡನೆ ನುಡಿಸಿತು. ಅದರ ಬೆನ್ನಲ್ಲೇ ಗ್ರೀನ್, ಕರ್ವನ್, ಮೆಕ್‌ವಿ ಮೂವರೂ ಸ್ಪ್ಯಾನ್‌ನ ಆಲ್ಬಮ್ಮಿಗೂ ಸಾಥ್ ಕೊಟ್ಟರು. ಮಡ್ಡಿ ವಾಟರ್ಸ್‌ನ ತಂಡದಲ್ಲಿ ಪಿಯಾನೋ ನುಡಿಸಿ ಶಿಕಾಗೋ ಬ್ಲೂಸ್‌ಗೆ ಆಕಾರ ಕೊಟ್ಟವರಲ್ಲಿ ಸ್ಪ್ಯಾನ್ ಒಬ್ಬ. 1970ರ ಏಪ್ರಿಲ್‌ನಲ್ಲಿ ಅವನು ಕ್ಯಾನ್ಸರಿನಿಂದ ಸತ್ತ. ಸಮಾಧಿಗೆ ಹೆಸರು ಬರೆದ ಕಲ್ಲು ಇಡಲು ಸುಮಾರು 30 ವರ್ಷ ಹಿಡಿಯಿತು, ಅದೂ ಬ್ಲೂಸ್ ಪ್ರಿಯರು ಚಂದಾ ಎತ್ತಿದ ಮೇಲೆ. ಅವನಿಂದ ಕಲಿತ ಲಂಡನ್ನಿನ ಹುಡುಗರು ಅಷ್ಟರಲ್ಲಿ ಪಟ್ಟಿಯ ನೆತ್ತಿ ಮುಟ್ಟಿದ್ದರು.

ಲೆಕ್ಕ ಅಲ್ಲೊಮ್ಮೆ ಇಲ್ಲೊಮ್ಮೆ ಸರಿಹೋದದ್ದೂ ಉಂಟು. 1966ರಲ್ಲಿ ಕ್ರೀಮ್ ಬ್ಯಾಂಡ್ ಸ್ಕಿಪ್ ಜೇಮ್ಸ್‌ನ ಹಾಡೊಂದನ್ನು ಹಾಡಿ ಅವನ ಹೆಸರನ್ನು ನಮೂದಿಸಿತು, ಬಂದ ರಾಯಲ್ಟಿ ಅವನ ಕೊನೆಗಾಲದ ಚಿಕಿತ್ಸೆಗೆ ನೆರವಾಯಿತು. ವಿಲಿ ಡಿಕ್ಸನ್ 1985ರಲ್ಲಿ ಲೆಡ್ ಝೆಪ್ಪೆಲಿನ್ ಮೇಲೆ ದಾವೆ ಹೂಡಿ ರಾಜಿಯಲ್ಲಿ ಪಾಲು ಪಡೆದ, ತನ್ನಂಥ ಕಲಾವಿದರ ನೆರವಿಗೆ ‘ಬ್ಲೂಸ್ ಹೆವನ್ ಫೌಂಡೇಷನ್’ ಕಟ್ಟಿದ. ಇವೆಲ್ಲ ಆರೋಗ್ಯವಂತ ಮನಸ್ಸುಗಳ ಉತ್ತರಗಳು: ಹೆಸರು ಹಾಕು, ಪಾಲು ಕೊಡು, ಕೊಡದಿದ್ದರೆ ಕೋರ್ಟಿಗೆ ಬಾ. ಹಣವೆಲ್ಲ ಪಾಪ ಎಂದು ಕೊಡವಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ಕೊಡವಿದ ಹಣ ಸಲ್ಲಬೇಕಾದವನಿಗೆ ತಾನಾಗಿ ತಲುಪುವುದಿಲ್ಲ. ಗ್ರೀನ್ ಎಡವಿದ್ದು ಇಲ್ಲಿ. ಪ್ರಶ್ನೆ ಋಣದ್ದು, ಅವನು ಹುಡುಕಿದ ಉತ್ತರ ಮೈಲಿಗೆಯದು. ಋಣವನ್ನು ಯಾರಿಗೆ, ಎಷ್ಟು ಎಂದು ಲೆಕ್ಕಹಾಕಿ ತೀರಿಸಬಹುದು. ಮೈಲಿಗೆಗೆ ಲೆಕ್ಕವಿಲ್ಲ, ಎಷ್ಟು ತೊಳೆದರೂ ಕೈ ಅಂಟಂಟು. ಕಾಯಿಲೆ ಹೊಕ್ಕದ್ದು ಪ್ರಶ್ನೆ ಮೂಡಿದ ಜಾಗದಲ್ಲಲ್ಲ, ಋಣ ಮೈಲಿಗೆಯಾಗಿ ತಿರುಗಿದ ಈ ಸಂದಿಯಲ್ಲಿ ಎಂದು ತೋರುತ್ತದೆ.

1990ರ ದಶಕದ ನಡುವಿಗೆ ಗೆಳೆಯರು ಅವನನ್ನು ಮನೆಗೆ ಕರೆತಂದು, ಔಷಧಿ ಹದಕ್ಕೆ ತಂದು, ಮತ್ತೆ ಕೈಗೆ ಗಿಟಾರ್ ಕೊಟ್ಟರು. ‘ಸ್ಪ್ಲಿಂಟರ್ ಗ್ರೂಪ್’ ಎಂಬ ತಂಡದೊಂದಿಗೆ ಅವನು ಊರೂರು ತಿರುಗಿದ. ಬೆರಳುಗಳಿಗೆ ಹಳೆಯ ಚುರುಕು ಬರಲಿಲ್ಲ, ದನಿ ಒರಟಾಗಿತ್ತು. ಟಿಕೆಟ್ಟಿನ ಹಣ ಪಡೆದ, ರಾಯಲ್ಟಿಯನ್ನೂ ಪಡೆದ. 1970ರ ಗ್ರೀನ್‌ನ ಕಣ್ಣಲ್ಲಿ ಇದು ಸೋಲು. ಮಾತ್ರೆ ನುಂಗಿ, ಊಟ ಮಾಡಿ, ಸಂಜೆ ನುಡಿಸಿ ಬದುಕುವ 50 ದಾಟಿದ ಮನುಷ್ಯನ ಕಣ್ಣಲ್ಲಿ ಅದು ಬೇರೆಯೇ ಆಗಿದ್ದೀತು. 2020ರ ಫೆಬ್ರವರಿಯಲ್ಲಿ ಮಿಕ್ ಫ್ಲೀಟ್‌ವುಡ್ ಲಂಡನ್ನಿನ ಪಲೇಡಿಯಂ ರಂಗಮಂದಿರದಲ್ಲಿ ಅವನ ಗೌರವಕ್ಕಾಗಿ ಕಛೇರಿ ಏರ್ಪಡಿಸಿದ. ಪೀಟ್ ಟೌನ್‌ಶೆಂಡ್, ಡೇವಿಡ್ ಗಿಲ್ಮೋರ್, ಹ್ಯಾಮೆಟ್ ಬಂದು ನುಡಿಸಿದರು, ಸ್ಪೆನ್ಸರ್ ಕೂಡ ಬಂದಿದ್ದ. ಗ್ರೀನ್ ಹೋಗಲಿಲ್ಲ. ಜುಲೈ 25ರಂದು, 73ನೆಯ ವಯಸ್ಸಿನಲ್ಲಿ ತೀರಿಕೊಂಡ.

ಅವನ ಪ್ರಶ್ನೆಯನ್ನು ಅವನಿಂದ ಬಿಡಿಸಿ ನೋಡಬಯಸುವವರಿಗೆ 1998 ಒಳ್ಳೆಯ ವರ್ಷ. ಆ ಜನವರಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ರಾಕ್ ಸಂಗೀತದ ಹಾಲ್ ಆಫ್ ಫೇಮ್‌ಗೆ ಸೇರಿತು. ಗ್ರೀನ್ ಅಲ್ಲಿ ಸಂತಾನಾನೊಂದಿಗೆ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ನುಡಿಸಿದ. ಅದೇ ವರ್ಷ ಅವನ ತಂಡ ‘ದ ರಾಬರ್ಟ್ ಜಾನ್ಸನ್ ಸಾಂಗ್‌ಬುಕ್’ ಹೊರತಂದಿತು. 1938ರಲ್ಲಿ 27ರ ಹರೆಯದಲ್ಲಿ ಸತ್ತ ಮಿಸಿಸಿಪ್ಪಿಯ ಜಾನ್ಸನ್ ಬಿಟ್ಟುಹೋದದ್ದು 29 ಹಾಡುಗಳನ್ನು. ಅವು ಬಿಳಿಯ ರಾಕ್ ಗಾಯಕರ ಪಾಲಿಗೆ ವೇದವಾದವು. ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದನೆಂಬ ದಂತಕಥೆ ಜಾನ್ಸನ್‌ನ ಹೆಸರಿಗೆ ಅಂಟಿಕೊಂಡಿತು, ಹಾಡುಗಳ ಗಳಿಕೆ ಯಾರಿಗೆ ಸೇರಬೇಕೆಂಬ ವಿಚಾರಕ್ಕೆ ಅಷ್ಟು ಕೇಳುಗರಿರಲಿಲ್ಲ. 1998ರಲ್ಲೇ ಮಿಸಿಸಿಪ್ಪಿಯ ನ್ಯಾಯಾಲಯವೊಂದು ಕ್ಲಾಡ್ ಜಾನ್ಸನ್ ಎಂಬ, ಜಲ್ಲಿ ಸಾಗಿಸುವ ಲಾರಿ ಓಡಿಸಿ ಬದುಕಿದ್ದವನನ್ನು ರಾಬರ್ಟ್ ಜಾನ್ಸನ್‌ನ ಮಗನೆಂದೂ ಏಕೈಕ ವಾರಸುದಾರನೆಂದೂ ಘೋಷಿಸಿತು. ಜನನ ಪತ್ರ ಹಾಜರಾಯಿತು, ತಾಯಿಯ ಹಳೆಯ ಗೆಳತಿ ಸಾಕ್ಷಿ ನುಡಿದಳು. 2000ದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿದ ಮೇಲೆ 10 ಲಕ್ಷ ಡಾಲರಿಗೂ ಮೀರಿದ ರಾಯಲ್ಟಿ ಹಣ ಅವನ ಕೈಸೇರಿತು. ಅವನು ಅದನ್ನು ಬೇಡವೆನ್ನಲಿಲ್ಲ.